ಚಾರಾಣೆಯ ಸವಾಲು

ಜತ್ತದ ಮಾರ್ಕೆಟ್ ಯಾರ್ಡಿನೊಳಗ
ದಿನಾ ಕುರಿ ಕಟ್ಟೂ ಸಿಮೆಂಟ ಕಂಬಕ್ಕ
ಇವತ್ತು ಏಳು ಕುದುರಿ.
ಕುದುರಿ ಅಂದರ ನಂಬೂದಿಲ್ಲ ಯಾರೂ.
ಹೋತದಷ್ಟು ಎತ್ತರ, ಬಸುರಿಯಷ್ಟು ಹೊಟ್ಟಿ,
ಕಣ್ಣು ಮಾತ್ರ ಪೂರಾ ಕುದುರಿದು.

ಮಿರಜದ ಕಡೆ ಒಂದು ಸರ್ಕಸ್ಸು ಮುಚ್ಚಿತಂತ.
ತಂಬು ಮದುವಿ ಪೆಂಡಾಲಿಗೆ ಹೋತು,
ಜೋಕರನ ಬೂಟು ಯಾರಿಗೂ ಬ್ಯಾಡಾತು,
ಪಗಾರ ಬಾಕಿ ಇದ್ದವರ ಕೈಯಾಗ
ಒಂದೊಂದು ಹಗ್ಗ ಕೊಟ್ಟು ಮಾಲಕ ಫೋನ್ ಬಂದ್ ಮಾಡಿದ.
ಉಳ್ಳಾಗಡ್ಡಿ ಟೆಂಪೋದಾಗ ನಿಂತುಕೊಂಡ ಬಂದಾವ
ಪಗಾರದ ಏಳು ಕುದುರಿ.

ನನ್ನ ಕೆಲಸ ಅಳತಿ.
ಸಾಗವಾನಿ ಕೋಲು, ಅದರ ಮ್ಯಾಲ ಸರಿಯೂ ಹಿತ್ತಾಳಿ ಪಟ್ಟಿ.
ಜೂಲು ಮುಗಿಯೂ ಕಡೆ, ಹೆಗಲಿಗೆ ತಾಗಿಸಬೇಕು.
ಒಬ್ಬ ಗೊರಸು ಹೆರೆದು ತಂದಾನ,
ಇನ್ನೊಬ್ಬ ತಗ್ಗು ಹುಡುಕಿ ನಿಲ್ಲಸತಾನ.
ಯಾಕಂದರ ಇಲ್ಲಿ ಲೆಕ್ಕ ತಿರುಗಾಮುರುಗಾ:
ಜೋಳ ಬೆಳದರ ಬೆಲಿ, ಹೋರಿ ಬೆಳದರ ಬೆಲಿ,
ಇದು ಬೆಳೀಲಿಲ್ಲಂದರ ಬೆಲಿ.
ಮೂವತ್ನಾಲ್ಕು ಇಂಚಿಗೆ ಹದಿನೆಂಟು ಸಾವಿರ,
ಮೂವತ್ತಕ್ಕ ಇಳೀತಂದರ
ಪನ್ಹಾಳದ ರೆಸಾರ್ಟಿನವ ಕುರ್ಚಿ ಬಿಟ್ಟು ಏಳತಾನ.

ನಂದೂ ಒಮ್ಮೆ ಅಳತಿ ಆಗಿತ್ತು,
ಸಂಖದಿಂದ ಬಂದವರು, ಬಾಗಲ ಚೌಕಟ್ಟಿಗೆ ನಿಲ್ಲಿಸಿ.
ಗಿಡ್ಡಿ ಅಂದರು. ಎರಡು ತೊಲಿ ಜಾಸ್ತಿ ಕೇಳಿದರು.
ಅಪ್ಪ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕ್ಕೊಂಡು
ಇವತ್ತು ಸಂತಿ ಇಲ್ಲ, ಹೋಗ್ರಿ ಅಂದ.

ಅಪ್ಪ, ಮಾಯಪ್ಪ ದಲಾಲ.
ಅವನ ಕಾಲಕ್ಕ ಬೆಲಿಗೆ ಬಾಯಿ ಇರಲಿಲ್ಲ.
ಟವೆಲ್ಲಿನ ಕೆಳಗ ಕೈಯೊಳಗ ಕೈ,
ಬೆರಳು ಹಿಡದರ ಸಾವಿರ, ಗೆಣ್ಣು ಒತ್ತಿದರ ನೂರು,
ಮ್ಯಾಲ ಮಾತ್ರ ಮಳಿ ಸುದ್ದಿ, ಬೀಗರ ಸುದ್ದಿ.
ದನಕ್ಕ ಅದರ ಕಿಮ್ಮತ್ತು ಕೇಳಸಬಾರದು ಅಂತಿದ್ದ,
ಕೇಳಿದರ ಮೇವು ಬಿಡತೈತಿ.

ಈಗ ಮೈಕು.
"ಚಾರಾಣೆ!" ಅಂತ ಕೂಗಿದ ಸೆಕ್ರೆಟರಿ ಬಾಳಗೊಂಡ.
ಅದು ಅದರ ಹೆಸರು.
"ಚಾರಾಣೆಗೆ ಎಂಟಾಣೆ!" ಅಂದ ಯಾರೋ ಹಿಂದಿನಾವ.
ಎಲ್ಲಾರೂ ನಕ್ಕರು. ತಾನುಬಾಯಿ ನಗಲಿಲ್ಲ.
ಹನ್ನೊಂದು ತಿಂಗಳ ಬಾಕಿ, ತಿಂಗಳಿಗೆ ನಾಲ್ಕು ಸಾವಿರ,
ಅದರ ಬದಲಿ ಸಿಕ್ಕದ್ದು ಈ ಕಂದು ಹೆಣ್ಣು.
ನಲವತ್ನಾಲ್ಕು ಬಂದರ ಪಗಾರ,
ಕಡಿಮಿ ಬಿದ್ದರ
ಪುಕಟ ದುಡದ ದಿನದ ಲೆಕ್ಕ.

ಕೋಲು ಇಟ್ಟೆ.
ತಲಿ ಎತ್ತಿದರ ಮೂವತ್ತರ ಮ್ಯಾಲ ಅರ್ಧ,
ಇಳಿಸಿದರ ಮೂವತ್ತು.
ಇಳಿಸೂತನಕ ಕಾದೆ.
ಕಾಯೂದು ಕಳವು ಅಲ್ಲ.

ಇಪ್ಪತ್ತೈದು ಅಂದ ರೆಸಾರ್ಟಿನವ.
ಸೊಲ್ಲಾಪುರದ ಬ್ಯಾಂಡಿನವ ಇಪ್ಪತ್ತೆಂಟು.
ಮೂವತ್ತಾರು. ಮೂವತ್ತೊಂಬತ್ತು.
ಯಾರೋ ಹುಡುಗೂರು ಖುಷಿಗೆ ಚಪ್ಪಾಳಿ ಹೊಡದರು.

ಚಾರಾಣೆಯ ಕಿವಿ ನಿಂತವು.
ಒಂದು ಸುತ್ತು ತಿರುಗಿತು, ಹಗ್ಗ ಇದ್ದಷ್ಟು,
ಸೆಗಣಿ ಮ್ಯಾಲ ಮುಂದಿನ ಮೊಣಕಾಲು ಊರಿ
ಯಾರ್ಡಿಗೆಲ್ಲಾ ಸಲಾಮು ಮಾಡಿತು.
ತಾನುಬಾಯಿ ಕೈ ತಾನ ಮ್ಯಾಲ ಹೋತು, ಛಡಿ ಹಿಡದಂಗ.
ಛಡಿ ಇರಲಿಲ್ಲ.

ನಲವತ್ಮೂರು.
ಏಕ್ ವಾರ, ಅಂದ ಬಾಳಗೊಂಡ.
ನಮ್ಮಲ್ಲಿ ಬೈಗಳ ಕನ್ನಡ, ಸವಾಲು ಮರಾಠಿ.
ದೋನ್ ವಾರ.
ಬ್ಯಾಂಡಿನವ ಕಿಸೆ ನೋಡಿಕೊಂಡ, ಕೂತ.
ತೀನ್ ವಾರ.

ಒಂದು ವಾರ ಕಡಿಮಿ ಬಿತ್ತು.
ಮ್ಯಾಲ ಕಮಿಟಿ ಕಡತ, ನೂರಕ್ಕ ಎರಡು.
ಅದನ್ನ ಅವಳಿಗೆ ಯಾರೂ ಹೇಳಿರಲಿಲ್ಲ,
ರಸೀದಿ ಬರಿಯೂವಾಕಿ ನಾನು.
ಎಂಟುನೂರಾ ಅರವತ್ತು ಅಂದೆ, ಪೆನ್ನು ನೋಡಕೋತ.

ಅಪ್ಪ ತಗಡಿನ ನೆರಳಿನಿಂದ ಎದ್ದು ಬಂದ.
ಅವಳ ಕೈ ಮ್ಯಾಲ ಟವೆಲ್ಲು ಹಾಸಿದ.
ಒಳಗ ಏನು ಹಿಡದನೋ, ಎಷ್ಟು ಒತ್ತಿದನೋ,
ಮ್ಯಾಲ ಮಾತ್ರ ಮಳಿ ಸುದ್ದಿ.
ಅವಳು ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ,
ನಮ್ಮ ಕಡೆನೂ ಬಂದಿಲ್ಲ ಅಂದಳು.

ನಾಲ್ಕು ಮಂದಿ ಎತ್ತಿ ಟೆಂಪೋಕ್ಕ ಹಾಕಿದರು.
ಡ್ರೈವರ ಕೈ ಧೂಳು ಝಾಡಿಸಿದ,
ಎರಡು ಸಲ, ಜೋರಾಗಿ, ಅಂಗೈಗೆ ಅಂಗೈ ಬಡದು.
ಫಳಿ ಸಂದಿನಾಗ ನೋಡಿದೆ:
ಚಾರಾಣೆ ಮತ್ತ ಮೊಣಕಾಲು ಊರಿತ್ತು.