ಸ್ಟೆಪ್ನಿ

ಅಬಾನೊ ಘಾಟಿ ಏರುವ ವ್ಯಾನಿನ ಬೆನ್ನಿಗೆ
ಒಂದು ಸವೆದ ಟಯರು.
"ಅದು ಇದೆ ಅಂತಲೇ ಮಿಕ್ಕ ನಾಲ್ಕೂ ನಿಯತ್ತಾಗಿ ಓಡ್ತವೆ"
ಅಂದ ಝೆಜ್ವಾ, ತಿರುವಿನಲ್ಲಿ
ಸ್ಟೀರಿಂಗಿನಿಂದ ಕೈ ಬಿಟ್ಟು ಎದೆಗೆ ಶಿಲುಬೆ ಗೀಚಿಕೊಳ್ಳುತ್ತ.

ನನಗೂ ಒಂದಿತ್ತು, ಉಣ್ಣೆಯ ಸಾಕ್ಸಿನೊಳಗೆ:
ಟಿಬಿಲಿಸಿಯ ಹಳೇಸಾಮಾನಿನ ಸಂತೆಯಲ್ಲಿ
ಯಾರದೋ ಚಮಚ, ಯಾರದೋ ಯುದ್ಧದ ಪದಕಗಳ ನಡುವೆ
ಚೌಕಾಸಿ ಮಾಡಿ ಕೊಂಡ ರೀಲು ಕ್ಯಾಮೆರಾ.
ಸೋಪಿನ ಡಬ್ಬಿಯಷ್ಟು. ಮುಚ್ಚಳ ಸರಿಸಿದರೆ
ಕಣ್ಣು ಬಿಡುತ್ತದೆ. ಅಷ್ಟೇ ಅದರ ವಿದ್ಯೆ.

ದೊಡ್ಡದು ಹೊಳೆ ದಾಟುವಾಗ ಮುಳುಗಿತು.
ಅಕ್ಕಿಯಲ್ಲಿ ಹೂತಿಡು ಅಂದರು. ಅಷ್ಟು ಮೇಲೆ ಅಕ್ಕಿಯೆಲ್ಲಿ?
ಜೋಳದ ಹಿಟ್ಟಿನಲ್ಲಿ ಹೂತೆವು.
ಪೂರ್ತಿ ಕೆಟ್ಟಿತು.

ಇನ್ನು ಸೋಪಿನ ಡಬ್ಬಿಯೇ ಗತಿ. ರೀಲಿನಲ್ಲಿ ಉಳಿದದ್ದು ಹದಿನಾಲ್ಕು.
ಕೈ ತಾನಾಗಿ ಜಿಪುಣವಾಯಿತು.
ಎರಡು ದಿನ ಎಷ್ಟೋ ಬೆಳಕು
ಕಣ್ಣೆದುರೇ ಹಾದುಹೋಯಿತು, ಸುಮ್ಮನೆ ನೋಡಿದೆ.
ಮೂರನೆಯ ದಿನ ಇಳಿಜಾರಿನಲ್ಲಿ ಮಂದೆ
ಹಾಲುಕ್ಕಿದ ಹಾಗೆ ಬಂದಾಗ, ಸರಿ, ಒಂದು.

ಹುಡುಗರು ಓಡಿಬಂದು ಕ್ಯಾಮೆರಾದ ಬೆನ್ನು ನೋಡಿದರು.
ಬರೀ ಕಪ್ಪು ಪ್ಲಾಸ್ಟಿಕ್ಕು.
"ಕುರುಡಾ ಇದು?"
"ಅಲ್ಲ, ಬಸುರಿ" ಅಂದಳು ಮಾಕ್ವಾಲಾ,
ಚೀಸು ಹಿಂಡುತ್ತಿದ್ದ ಕೈ ನಿಲ್ಲಿಸದೆ.
"ನನ್ನದೂ ಒಂದಿರಲಿ. ತಾಳು, ತಲೆವಸ್ತ್ರ ಬದಲಾಯಿಸಿ ಬಂದೆ."

ಅವಳಿಗೆಂದು ಒಂದೇ ಒಂದು ಉಳಿದಿತ್ತು.
ಅವಳು ಒಳಗೆ ಹೋದಳು, ಮೋಡ ಬಿರಿಯಿತು,
ಆಚೆ ದಿಬ್ಬದ ಕಲ್ಲುಗೋಪುರಕ್ಕೆ ಜೇನು ಸುರಿದ ಹಾಗೆ ಬಿಸಿಲು.
ಮೂವತ್ತಾರರ ಮೇಲೆ ಒಮ್ಮೊಮ್ಮೆ
ಒಂದು ಕೊಸರು ಸಿಗುವುದುಂಟು, ಅಂದುಕೊಂಡೆ.
ಒತ್ತಿದೆ.

ಸಿಗಲಿಲ್ಲ. ಕರ್‌ರ್‌ರ್ ಎಂದು
ಪೊದೆಯಿಂದೆದ್ದ ಹಕ್ಕಿಯಂತೆ
ಇಡೀ ರೀಲು ಹಿಂದಕ್ಕೆ ಸುತ್ತಿಕೊಂಡಿತು. ನಾಯಿ ಬೊಗಳಿತು.

ಬಾಗಿಲಲ್ಲಿ ಅವಳು:
ಒದ್ದೆ ಮಾಡಿ ಬಾಚಿದ ಕೂದಲು, ಕಪ್ಪು ಮಖಮಲ್ಲು,
ಕುತ್ತಿಗೆಯವರೆಗೆ ಹಾಕಿದ ಗುಂಡಿ,
ಸಿಪಾಯಿಯಂತೆ ಪಕ್ಕಕ್ಕಂಟಿದ ಕೈಗಳು.
ಹೇಳಲಾಗಲಿಲ್ಲ ನನಗೆ.
ಡಬ್ಬಿಯನ್ನು ಕಣ್ಣಿಗಿಟ್ಟು
ನಾಲಿಗೆಯಲ್ಲೇ ಟಿಕ್ ಅಂದೆ.
"ಇನ್ನೊಂದು" ಅಂದಳು.
ಇನ್ನೊಂದು ಟಿಕ್.

ಕುರಿಗಳು ಬಯಲಿನ ಅಲ್ವಾನಿಗೆ ಇಳಿದ ಮೇಲೆ
ಝೆಜ್ವಾನ ಕೈಯಲ್ಲಿ ಫೋಟೋ ಕಳಿಸಿದೆ:
ಮಂದೆ, ಹುಡುಗರು, ನಾಯಿ, ಗೋಪುರ.
(ಗೋಪುರದ್ದು ಅಲುಗಿತ್ತು. ಆದರೂ ಕಳಿಸಿದೆ.)
ಮರಳಿ ಬಂದದ್ದು ಕುರಿದೊಗಲಿನಲ್ಲಿ ಕಟ್ಟಿದ ಚೀಸು,
ಜೊತೆಗೆ ಒಂದು ಮಾತು:
"ನಾಲಿಗೆಯಲ್ಲಿ ತೆಗೆದ ನನ್ನ ಫೋಟೋ
ಹೇಗೆ ಬಂದಿದೆ, ಕೇಳು."

ಫ್ರಿಜ್ಜಿನಲ್ಲಿ ಆ ಚೀಸು, ಅದಕ್ಕೆ ಒತ್ತಿಕೊಂಡು
ಮೂವತ್ತಾರರ ಹೊಸ ರೀಲು.
ಬಾಗಿಲು ತೆಗೆದಾಗಲೆಲ್ಲ ಮನೆ ತುಂಬ ಕುರಿವಾಸನೆ.
ಘಾಟಿಯಲ್ಲಿ ಹಿಮ ಕರಗುವುದು
ಜೂನಿಗಂತೆ.