ಇದ್ದೆಯಾ

ಮಾಲ್ಕಮ್ ಹೆಸ್ಲಪ್, ಸಿನಿಮಾ ನಟ.
ನೀವು ನೋಡಿರುತ್ತೀರಿ, ಹೆಸರು ನೆನಪಿರಲಿಕ್ಕಿಲ್ಲ:
ಎರಡನೇ ರೀಲಿಗೇ ಸಾಯುವ ಇನ್‌ಸ್ಪೆಕ್ಟರು,
ಮದುಮಗಳ ಕುಡುಕ ಚಿಕ್ಕಪ್ಪ.
ಸಂಗೀತದ ಸಾಕ್ಷ್ಯಚಿತ್ರಗಳಲ್ಲಿ ಮಾತ್ರ ಅವನು ಅವನೇ.
ಇದು ಏಳನೆಯದು. ಅದೇ ಚರ್ಮದ ಕುರ್ಚಿ,
ಎಡಗೆನ್ನೆಗೆ ಅದೇ ಬೆಳಕು, ಅದೇ ಮಾತು:
‘ಎಪ್ಪತ್ತೇಳರ ಆ ರಾತ್ರಿ, ಸಂಡರ್‌ಲ್ಯಾಂಡಿನಲ್ಲಿ,
ನಾನಿದ್ದೆ.’

ನಾನು ಕತ್ತರಿಸಿ ಅಂಟಿಸುವವಳು.
ಯಾವ ಪದಕ್ಕೆ ಅವನ ಕಣ್ಣು ಬಲಕ್ಕೆ ಜಾರುತ್ತದೆಂದು
ಅವನ ಹೆಂಡತಿಗಿಂತ ಚೆನ್ನಾಗಿ ಬಲ್ಲೆ.
ಇದ್ದದ್ದು ಹದಿಮೂರು ನಿಮಿಷದ ಹಳೆ ಫಿಲ್ಮು, ಸದ್ದಿಲ್ಲದ್ದು.
ಬೆವರು, ಡ್ರಮ್ಮು, ಕಾಲು ಮುರಿದ ಸ್ಟೂಲು.
ಒಂದೊಂದೇ ಫ್ರೇಮು ಸರಿಸಿ ಹುಡುಕಿದೆ.
ಮುಂದಿನ ಸಾಲಿನಲ್ಲಿಲ್ಲ. ಬಾರಿನ ಹತ್ತಿರವೂ ಇಲ್ಲ.
ಸಿಕ್ಕಿದ,
ಬಾಗಿಲೊಂದು ತೆರೆದು ಮುಚ್ಚಿಕೊಂಡ ಅರೆಗಳಿಗೆಯಲ್ಲಿ:
ಹದಿನಾರರ ಹುಡುಗ, ವೇದಿಕೆಗೆ ಬೆನ್ನು,
ಗಲ್ಲದವರೆಗೆ ಒದ್ದೆ ಕೋಟುಗಳ ಹೊರೆ.

ಫೋನು ಮಾಡಿದೆ. ಬಹಳ ಹೊತ್ತು ಉಸಿರು ಮಾತ್ರ.
‘ಕೋಟೊಂದಕ್ಕೆ ಐದು ಪೆನ್ನಿ ಕೊಡುತ್ತಿದ್ದರು.
ಹಾಡು ಗೋಡೆ ದಾಟುವಷ್ಟರಲ್ಲಿ ಬರೀ ಗುದ್ದು.
ಉಣ್ಣೆಗೆ ಕಿವಿಯಿಟ್ಟೆ.
ಮುನ್ನೂರು ಜನರ ಕೋಟುಗಳು
ನನ್ನ ಜೊತೆ ಅದುರುತ್ತಿದ್ದವು ಕಣಮ್ಮ.’

ಮತ್ತೆ ಏಳು ಸಲವೂ ಇದನ್ನು ಯಾಕೆ ಹೇಳಲಿಲ್ಲ?
‘ಎಲ್ಲಿದ್ದೆ ಅಂತ ಯಾರೂ ಕೇಳಲಿಲ್ಲ.
ಇದ್ದೆಯಾ ಅಂತ ಕೇಳಿದರು.’

ಅವನ ಹಳೆಯ ಮಾತನ್ನೇ ಇಟ್ಟುಕೊಂಡೆ.
ಅದರಡಿಗೆ ಬ್ಯಾಂಡಿನ ರೆಕಾರ್ಡು ಹಾಕಿ
ಗಿಟಾರು ಸೋಸಿದೆ, ಗಂಟಲು ಸೋಸಿದೆ,
ಗುದ್ದು ಮಾತ್ರ ಬಿಟ್ಟೆ.
ನಿರ್ಮಾಪಕ ಬಂದು ಕೇಳಿದ:
ಸ್ಪೀಕರು ಕೆಟ್ಟಿದೆಯಾ?