‘ಆ’ ಅನ್ನು

ಟಾರ್ಟು ಊರಿನ ಶಿಶುವಿಹಾರ. ಎಂಟೂವರೆಯಾದರೂ
ಕಿಟಕಿಯಾಚೆ ಕತ್ತಲೆ, ಹಿಮ.
ಎರಡು ವರ್ಷದ ಉಕು ತಾನು ಚೀಪಿದ ಚಮಚವನ್ನೇ
ಬಾರ್ಲಿ ಗಂಜಿಯಲ್ಲದ್ದಿ ವೀವಿಯ ತುಟಿಗೆ ಹಿಡಿದಿದ್ದಾನೆ:
‘ಆ’ ಅನ್ನು.

ಹನ್ನೊಂದು ವರ್ಷ ಅಂದವಳೇ.
ಕಚ್ಚಿಕೊಟ್ಟ ಸೇಬು, ಜೊಲ್ಲು ಮೆತ್ತಿದ ಮುತ್ತು,
ಎಂಜಲೆಂದು ಒಮ್ಮೆಯೂ ಮುಖ ತಿರುಗಿಸಿದವಳಲ್ಲ.

ಮೊನ್ನೆ ಸೂಲಗಿತ್ತಿ ಚೀಟಿಯಲ್ಲಿ ಬರೆದುಕೊಟ್ಟಳು:
ಸೈಟೊಮೆಗಾಲೊ ವೈರಸ್.
ಓದುವಾಗ ನಾಲಗೆ ತೊಡರಿ ಇಬ್ಬರೂ ನಕ್ಕರು.
‘ಮಕ್ಕಳಿಗೆ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು.
ನಿನಗೆ ಹೆಚ್ಚೆಂದರೆ ಮೈ ಬೆಚ್ಚಗಾದೀತು.
ಆದರೆ ಒಳಗಿರುವುದಕ್ಕೆ...’
ಮಾತು ಬಿಟ್ಟು ತನ್ನ ಕಿವಿ ಮುಟ್ಟಿಕೊಂಡಳು.

ಒಂಬತ್ತು ವಾರ.
ಕಿವಿ ಇನ್ನೂ ಕಿವಿಯಲ್ಲ,
ಒಂದು ಮಡಿಕೆ, ಅಷ್ಟೆ.

ಉಕುಗೆ ಜ್ವರವಿಲ್ಲ, ಕೆಮ್ಮಿಲ್ಲ.
ಇದ್ದೀತು, ಇಲ್ಲದಿದ್ದೀತು.
ಬೇಡವೆಂದರೆ ಅಳುತ್ತಾನೆ.

ವೀವಿ ತುಸು ಹಿಂದೆ ಸರಿದು ಬಾಯಿ ತೆರೆದಳು,
ಬರೀ ಗಾಳಿ ನುಂಗಿ ‘ಆಹಾ’ ಅಂದಳು.
ಅವನು ಚಮಚ ನೋಡಿದ. ಗಂಜಿ ಹಾಗೇ ಇತ್ತು.
ಏನೂ ಅನ್ನಲಿಲ್ಲ.

ಅವನ ನೆತ್ತಿಗೊಂದು ಮುತ್ತು ಕೊಟ್ಟು
ಸೋಪು ಹಚ್ಚಿ, ನಲ್ಲಿಯ ಕೆಳಗೆ ಕೈಯೊಡ್ಡಿ
ಇಪ್ಪತ್ತರವರೆಗೆ ಎಣಿಸಿದಳು, ಗಟ್ಟಿಯಾಗಿ,
ಒಳಗೆ ಯಾರಿಗೋ
ಲೆಕ್ಕ ಹೇಳಿಕೊಡುವಂತೆ.